ಮುಕ್ಕಾಲು ಸುತ್ತು

ಬೆಟಗೇರಿ
15 ಮಾರ್ಚ್ 2024

ಖಾಜಾಸಾಬರಿಗೆ ಗೋಪಣ್ಣನ ನಮಸ್ಕಾರ.

ಮೂವತ್ತು ವರ್ಷಗಳ ಗೆಳೆತನದಲ್ಲಿ ನಾವು ಒಬ್ಬರಿಗೊಬ್ಬರು ಪತ್ರ ಬರೆದವರಲ್ಲ. ಈಗ ಬರೆಯಬೇಕಾಗಿದೆ. ಮೂರು ಸಲ ಫೋನು ಹಚ್ಚಿದೆ. ಮೂರೂ ಸಲ ನೀವು "ಹಲೋ, ಹಲೋ, ಕೇಳವಲ್ದು" ಎಂದು ಇಟ್ಟುಬಿಟ್ಟಿರಿ. ನಿಮ್ಮ ದನಿ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ನನ್ನ ಹೆಂಡತಿ ಬನಶಂಕರಿ ತೀರಿಹೋಗಿ ಇಂದಿಗೆ ಇಪ್ಪತ್ತಾರು ದಿನ. ಗಾಡಿ ಹಿತ್ತಲಿನಲ್ಲಿ ತಾಡಪತ್ರಿ ಹೊದ್ದು ನಿಂತಿದೆ. ಮಗ್ಗ ಮಾರಿ ಈ ಅಮೆರಿಕದ ಕಾರು ತಂದಾಗ ಓಣಿಯವರೆಲ್ಲ ನಕ್ಕಿದ್ದರು. ಅಂದಿನಿಂದ ನಾಲ್ಕು ತಾಲೂಕಿನ ಮದುಮಕ್ಕಳನ್ನು ಹೊತ್ತು ಅದು ನಮ್ಮ ಮನೆ ನಡೆಸಿತು. ಮಗಳು ವಿದ್ಯಾಶ್ರೀ ಅದನ್ನು ಗುಜರಿಗೆ ಹಾಕಿರೆನ್ನುತ್ತಾಳೆ. ಹಾಕುವ ಮುಂಚೆ ನನಗೊಂದು ವಿಷಯ ತಿಳಿಯಬೇಕು.

ಗಾಡಿ ಹೇಗೆ ನಿಂತಿತೆಂದು ನಿಮಗೆ ಗೊತ್ತೇ ಇದೆ, ಅವಳಿಗೆ ಮಣ್ಣು ಕೊಟ್ಟ ಮೂರನೆಯ ದಿನ ನಮ್ಮ ಪಡಸಾಲೆಯಲ್ಲೇ ಕುಳಿತು ಕೇಳಿದ್ದೀರಿ. ನನ್ನ ಅಣ್ಣನ ಮಗ ಕಿಶೋರ, ಗದಗಿನಲ್ಲಿ ಗ್ಯಾರೇಜು ಇಟ್ಟವನು, ಕಳೆದ ವಾರ ಎಂಜಿನ್ನಿನ ಮುಚ್ಚಳ ತೆಗೆದು ನೋಡಿದ. ಹನ್ನೆರಡು ವಾಲ್ವುಗಳಲ್ಲಿ ನಾಲ್ಕು ಪೂರ್ತಿ ಮುಚ್ಚುತ್ತಲೇ ಇರಲಿಲ್ಲವಂತೆ. ಎರಡು ಸುಟ್ಟಿವೆ. ವಾಲ್ವು ಒತ್ತುವ ರಾಕರಿನ ಸ್ಕ್ರೂ ವಿಪರೀತ ಬಿಗಿಯಾಗಿದೆ ಎಂದ.

ಆ ಸ್ಕ್ರೂಗಳಿಗೆ ನಿಮ್ಮ ಹೊರತು ಯಾರೂ ಕೈ ಹಚ್ಚಿಲ್ಲ. ಫೆಬ್ರುವರಿ ಹದಿಮೂರರಂದು ನೀವು ಮಾಡಿದ್ದೇನು, ಹೇಗೆ ಮಾಡಿದಿರಿ, ಬರೆದು ಕಳಿಸಿ. ಬೇರೇನೂ ಕೇಳುವುದಿಲ್ಲ.

ಗೋಪಣ್ಣ


ಲಕ್ಷ್ಮೇಶ್ವರ
22 ಮಾರ್ಚ್ 2024

ಗೋಪಣ್ಣನವರಿಗೆ ಖಾಜಾಸಾಬನ ಸಲಾಂ.

ನಿಮ್ಮ ಪತ್ರ ಬಂತು. ನನ್ನ ಕನ್ನಡ ಏಳನೆಯ ಇಯತ್ತೆಯದು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಫೋನಿನ ಸ್ಪೀಕರ್ ಕೆಟ್ಟಿದೆ, ಬೇರೆ ಅರ್ಥ ಮಾಡಿಕೊಳ್ಳಬೇಡಿ. ರಮ್ಜಾನ್ ತಿಂಗಳು, ಗ್ಯಾರೇಜು ಮಧ್ಯಾಹ್ನಕ್ಕೇ ಮುಚ್ಚುತ್ತೇನೆ. ಪ್ರತಿದಿನದ ದುವಾದಲ್ಲಿ ಬನಶಂಕರಕ್ಕನ ಹೆಸರು ಬರುತ್ತದೆ. ನಮ್ಮ ಮನೆಗೆ ಬಂದಾಗಲೆಲ್ಲ ನಮ್ಮಾಕೆ ಅಖ್ತರಿಯ ಕೈಯಿಂದ ಲಟ್ಟಣಿಗೆ ಕಸಿದು ತಾವೇ ಚಪಾತಿಗೆ ಕೂಡುತ್ತಿದ್ದರು. ಎದೆಬೇನೆ ಹೀಗೆ ಹೇಳದೆ ಬರುತ್ತದೆ, ಯಾರೇನು ಮಾಡಲಾದೀತು.

ಇನ್ನು ವಾಲ್ವಿನ ವಿಷಯ. ಅಂಬಾಸಿಡರ್, ಜೀಪುಗಳ ವಾಲ್ವಿಗೆ ಒಂದು ಸಂದು ಬಿಡಬೇಕು. ಗೇಜಿನ ಪಟ್ಟಿ ತೂರಿಸಿ ನೋಡಿದರೆ ಆಯಿತು. ನಿಮ್ಮ ಗಾಡಿಯದು ಹಾಗಲ್ಲ, ಹೈಡ್ರಾಲಿಕ್ ಲಿಫ್ಟರ್. ಪ್ರತಿ ವಾಲ್ವಿನ ಕೆಳಗೆ ಒಂದು ಸಣ್ಣ ಗುಂಡು ಕೊಳವೆ, ಅದರೊಳಗೆ ಆಯಿಲ್ ತುಂಬಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿ ಗೇಜು ನಡೆಯುವುದಿಲ್ಲ. ನಮ್ಮ ಉಸ್ತಾದರು ಕಲಿಸಿದ ರೀತಿ ಇದು: ಎಂಜಿನ್ ಕಾಯಿಸಿ, ನಡೆಯುತ್ತಿರುವಾಗಲೇ ಒಂದೊಂದೇ ಸ್ಕ್ರೂ ಸಡಿಲಿಸಬೇಕು. ಟಕ ಟಕ ಬಡಿಯತೊಡಗುತ್ತದೆ. ಆಮೇಲೆ ಮೆಲ್ಲಗೆ ಬಿಗಿಯುತ್ತ ಬರಬೇಕು. ಬಡಿತ ನಿಂತ ಜಾಗವೇ ಗುರುತು. ಅಲ್ಲಿಂದ ಮುಂದೆ ಮುಕ್ಕಾಲು ಸುತ್ತು, ಅದೂ ಕಾಲು ಕಾಲು ಸುತ್ತಾಗಿ, ನಡುವೆ ಲಿಫ್ಟರಿಗೆ ಉಸಿರಾಡಲು ಹೊತ್ತು ಕೊಟ್ಟು. ಕಡಿಮೆಯಾದರೆ ಬಡಿಯುತ್ತದೆ. ಹೆಚ್ಚಾದರೆ ಸಪ್ಪಳವೇನೂ ಇರುವುದಿಲ್ಲ, ಆದರೆ ಕಾದ ಮೇಲೆ ವಾಲ್ವು ಮುಚ್ಚದೆ ಎಂಜಿನ್ ಸೋಲುತ್ತದೆ.

ನಾನು ಮುಕ್ಕಾಲು ಸುತ್ತೇ ಕೊಟ್ಟಿದ್ದೇನೆ. ಈ ಕೆಲಸಕ್ಕೆ ಕಿವಿಯೇ ಗೇಜು, ನನ್ನ ಕಿವಿ ನಿಮಗೆ ಗೊತ್ತಿದೆ. ಚಹಾ ಕುಡಿದು ಬಂದವರು "ಭಾಳ ಶಾಂತ ಆತು ನೋಡ್ರಿ" ಎಂದು ನೀವೇ ಹೇಳಿದಿರಿ. ಆಯಿಲ್ ಹಳೆಯದಾಗಿತ್ತೇನೋ. ಕಿಶೋರ ಎರಡು ಗಾಲಿಯ ಮಿಸ್ತ್ರಿ, ಅವನಿಗೆ ಇದು ಹೊಸದು. ಗಾಡಿ ನಿಂತ ಸುದ್ದಿ ಕೇಳಿದೆ. ಯಾರಿಗೂ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು. ಎಳೆಸಿಕೊಂಡು ಇಲ್ಲಿಗೆ ತನ್ನಿ, ನೋಡೋಣ. ಗುಜರಿಗೆ ಮಾತ್ರ ಹಾಕಬೇಡಿ.

ನಿಮ್ಮ
ಖಾಜಾಸಾಬ


ಬೆಟಗೇರಿ
27 ಮಾರ್ಚ್ 2024

ಖಾಜಾಸಾಬರೆ,

ಯಾರಿಗೂ ಏನೂ ಆಗಲಿಲ್ಲ ಎಂದು ಬರೆದಿದ್ದೀರಿ. ಆ ಸಾಲನ್ನು ನಾಲ್ಕು ಸಲ ಓದಿದೆ.

ನಡೆದದ್ದನ್ನು ಬರೆಯುತ್ತೇನೆ, ಮರೆತಿದ್ದರೆ ನೆನಪಾಗಲಿ. ಫೆಬ್ರುವರಿ ಹದಿನೆಂಟು, ಭಾನುವಾರ. ಶಿರಹಟ್ಟಿಯಲ್ಲಿ ನಮ್ಮ ನೇಕಾರ ಬಳಗದವರ ಮದುವೆ. ಮಧ್ಯಾಹ್ನ ಒಂದು ಹತ್ತಕ್ಕೆ ಬನಶಂಕರಿಯನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಗದಗಿನ ದವಾಖಾನೆಗೆಂದು ಹೊರಟೆ. ಅವಳಿಗೆ ಎದೆನೋವು, ಮೈಯೆಲ್ಲ ಬೆವರು. ದಾರಿಯ ಒಂದು ಏರಿನಲ್ಲಿ ಎಂಜಿನ್ ಸೋಲತೊಡಗಿತು. ಆಕ್ಸಿಲರೇಟರ್ ತುಳಿದಷ್ಟೂ ಕಾರ್ಬುರೇಟರಿನಿಂದ ಢಂ ಎನ್ನುತ್ತಿತ್ತು. ನಾಗಾವಿ ಇನ್ನೂ ಮುಂದಿರುವಾಗ, ಒಂದು ಐವತ್ತಕ್ಕೆ, ನಿಂತೇಬಿಟ್ಟಿತು. ಮತ್ತೆ ಚಾಲೂ ಆಗಲಿಲ್ಲ. ನೆರಳಿಲ್ಲದ ರಸ್ತೆ. ಎರಡು ಗಾಡಿ ಕೈ ಮಾಡಿದರೂ ನಿಲ್ಲಲಿಲ್ಲ. ಎರಡು ಹದಿನೈದಕ್ಕೆ ಮೆಣಸಿನಕಾಯಿ ಚೀಲ ಹೇರಿದ ಟಂಟಂ ಆಟೋ ಒಂದು ನಿಂತಿತು. ಚೀಲಗಳ ಮೇಲೆ ಅವಳನ್ನು ಮಲಗಿಸಿಕೊಂಡು ಹೋದೆವು. ಘಾಟಿಗೆ ಕೆಮ್ಮುತ್ತಿದ್ದಳು. ಗದಗು ಬರುವಷ್ಟರಲ್ಲಿ ಕೆಮ್ಮು ನಿಂತಿತ್ತು.

ಅವಳು ಸತ್ತದ್ದು ನೀವು ಕೈಯಾಡಿಸಿದ ಗಾಡಿ ಕೈಕೊಟ್ಟದ್ದಕ್ಕೆ. ಇದನ್ನು ಮೂರನೆಯ ದಿನ ಮಗ್ಗುಲ ಮನೆಯ ತಿರಕಪ್ಪ ಪಡಸಾಲೆಯಲ್ಲಿ ಎಲ್ಲರ ಮುಂದೆ ಹೇಳಿದ. ನೀವು ಅವನಿಂದ ಒಂದು ಮೊಳ ದೂರದಲ್ಲಿದ್ದಿರಿ. ವಾರದ ಹಿಂದೆ ಗಾಡಿ ಯಾರು ರಿಪೇರಿ ಮಾಡಿದ್ದೆಂದು ಅವನು ಕೇಳಿದಾಗ ಎಲ್ಲರೂ ನಿಮ್ಮ ಕಡೆ ನೋಡಿದರು. ನೀವು ತಲೆಯಾಡಿಸಿ "ಆತು ಬಿಡ್ರಿ, ಎಲ್ಲಾ ಆಂವನ ಕೈಯಾಗೈತಿ" ಎಂದಿರಿ. ಚಹಾ ಕುಡಿದಿರಿ. ನನ್ನ ಬೆನ್ನು ಸವರಿ ಬಸ್ಸಿಗೆ ಹೋದಿರಿ.

ತಪ್ಪು ಯಾರಿಂದಲೂ ಆಗುತ್ತದೆ. ನನಗೆ ತಡೆಯಲಾಗದ್ದು ಆ ತಲೆಯಾಡಿಸಿದ್ದು. ಇನ್ನು ಬರೆಯಬೇಡಿ, ಬರಲೂಬೇಡಿ.

ಗೋಪಣ್ಣ


ಹಮ್ಮಿಗಿ, ಮುಂಡರಗಿ ತಾಲೂಕು
9 ಜೂನ್ 2024

ಗೋಪಣ್ಣನವರಿಗೆ,

ಬರೆಯಬೇಡಿ ಎಂದಿದ್ದಿರಿ. ಎರಡೂವರೆ ತಿಂಗಳು ಬರೆಯಲಿಲ್ಲ. ಈ ಪತ್ರವನ್ನು ಓದದೆ ಹರಿದರೂ ಅದು ನಿಮ್ಮ ಹಕ್ಕು.

ನನಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಹೋಗಿ ನಾಲ್ಕು ವರ್ಷ. ಬಲಗಿವಿ ಎರಡು ವರ್ಷದಿಂದ ಹತ್ತಿರ ಕೂಗಿದರೆ ಗುಂಯ್ ಎನ್ನುತ್ತದೆ, ಅಷ್ಟೇ. ಹುಬ್ಬಳ್ಳಿಯ ಡಾಕ್ಟರು ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದರು. ಯಂತ್ರ ಹಾಕಿಕೊಂಡ ಮಿಸ್ತ್ರಿಯ ಹತ್ತಿರ ಯಾರು ಎಂಜಿನ್ ತರುತ್ತಾರೆಂದು ಹೆದರಿ ಬಿಟ್ಟೆ. ಜನರ ತುಟಿ ನೋಡಿ, ನಗುವವರ ಜೊತೆ ನಕ್ಕು, ತಲೆಯಾಡಿಸುವವರ ಜೊತೆ ತಲೆಯಾಡಿಸಿ ದಿನ ತೆಗೆದೆ. ಮೂರನೆಯ ದಿನ ತಿರಕಪ್ಪನ ತುಟಿ ಮೀಸೆಯಲ್ಲಿ ಮುಚ್ಚಿತ್ತು. ಸತ್ತ ಮನೆಯಲ್ಲಿ ಎಲ್ಲರೂ ಆಡುವ ಮಾತನ್ನೇ ಆಡುತ್ತಿದ್ದಾನೆಂದು ತಿಳಿದು, ನಾನೂ ಅಂಥದ್ದೇ ಒಂದು ಮಾತು ಆಡಿದೆ. ನಿಮ್ಮ ಮೊದಲ ಪತ್ರ ಬಂದಾಗಲೂ ಅದೇ ಚಾಳಿ. ಗಾಡಿ ನಿಂತ ಸುದ್ದಿ ಕೇಳಿದೆ ಎಂದು ಬರೆದೆ. ಕೇಳಿರಲಿಲ್ಲ. ಅಕ್ಕ ಗಾಡಿಯಲ್ಲಿದ್ದದ್ದು ನಿಮ್ಮ ಎರಡನೆಯ ಪತ್ರದಿಂದ ತಿಳಿಯಿತು.

ಪತ್ರ ಹಿಡಿದು ಒಳಗೆ ಹೋದೆ. ಅಖ್ತರಿ ನನ್ನ ಮುಖ ನೋಡಿಯೇ ಅಳತೊಡಗಿದಳು. ಅವಳಿಗೆ ಗೊತ್ತಿತ್ತು. ಆ ದಿನ ನಿಮ್ಮ ಮನೆಯಲ್ಲಿ ಹೆಂಗಸರ ನಡುವೆ ಕುಳಿತು ಎಲ್ಲ ಕೇಳಿದ್ದಳು. ಒಂದು ತಿಂಗಳು ನನಗೆ ಹೇಳಿರಲಿಲ್ಲ.

ಈಗ ಫೆಬ್ರುವರಿ ಹದಿಮೂರರ ಮಾತು. ಕಿವಿ ಹೋದ ಮೇಲೆ ನಾನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ರಾಕರಿನ ಮೇಲಿಟ್ಟು, ಹಿಡಿಯನ್ನು ಹಲ್ಲಿನಿಂದ ಕಚ್ಚಿ ಕೆಲಸ ಮಾಡುತ್ತಿದ್ದೆ. ಬಡಿತ ದವಡೆಗೆ ಬರುತ್ತದೆ. ಆ ದಿನ ಮಗ್ಗುಲಲ್ಲಿ ಖಾರ ಕುಟ್ಟುವ ಗಿರಣಿ ನಡೆದಿತ್ತು, ನೆಲವೆಲ್ಲ ನಡುಗುತ್ತಿತ್ತು. ಹಲ್ಲಿಗೆ ಬಂದದ್ದು ಗಿರಣಿಯದೋ ವಾಲ್ವಿನದೋ ತಿಳಿಯಲಿಲ್ಲ. ಗಿರಣಿ ನಿಲ್ಲುವವರೆಗೆ ಕಾಯಬಹುದಿತ್ತು. ನೀವು ಚಹಾದಂಗಡಿಯಿಂದ ಬರುವಷ್ಟರಲ್ಲಿ ಮುಗಿಸಬೇಕೆಂದು ಅವಸರ ಮಾಡಿದೆ. ಒಂದಾದರೂ ವಾಲ್ವು ಬಡಿಯುತ್ತ ಉಳಿದರೆ ನಿಮಗೆ ಕೇಳುತ್ತದೆ, ನನಗೆ ಕೇಳುವುದಿಲ್ಲ. ಆಗ ನನ್ನ ಕಿವಿಯ ವಿಷಯ ಬಯಲಾಗುತ್ತದೆ. ಅದಕ್ಕೆ ಅನುಮಾನ ಬಂದ ನಾಲ್ಕಕ್ಕೆ ಮುಕ್ಕಾಲು ಸುತ್ತಿನ ಮೇಲೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಬಿಗಿದೆ. ಬಿಗಿದರೆ ಸಪ್ಪಳ ಬರುವುದಿಲ್ಲವೆಂದು ಗೊತ್ತಿತ್ತು. ಕಾದ ಮೇಲೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ನಾಲ್ಕು ದಿನ ಬಿಟ್ಟು ಏನಾದರೂ ನೆಪ ಹೇಳಿ ಗಾಡಿ ಕರೆಸಿ, ಗಿರಣಿ ಇಲ್ಲದ ಹೊತ್ತಿನಲ್ಲಿ ಸರಿಮಾಡಿದರಾಯಿತು ಎಂದುಕೊಂಡೆ. ನೀವು ಶಾಂತವಾಯಿತು ಎಂದಾಗ ನನಗೆ ಸಂತೋಷವಾಯಿತು.

ಇನ್ನೊಂದು ಮಾತು ಅಖ್ತರಿ ಹೇಳಿದ್ದು. ಅದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಬನಶಂಕರಕ್ಕನಿಗೆ ನನ್ನ ಕಿವಿಯ ವಿಷಯ ಗೊತ್ತಿತ್ತು. ಎರಡು ವರ್ಷದ ಹಿಂದೆ ನಮ್ಮ ಅಡುಗೆಮನೆಯಲ್ಲಿ ಅಖ್ತರಿ ಹೇಳಿಬಿಟ್ಟಿದ್ದಳು. ಅಕ್ಕ ಅಂದಿದ್ದರಂತೆ: "ಯಾರ ಮುಂದೂ ಬಾಯಿ ಬಿಡಬ್ಯಾಡ ಅಖ್ತರವ್ವ. ನಮ್ಮವರ ಮುಂದ ನಾನೂ ಹೇಳಂಗಿಲ್ಲ. ಹೇಳಿದ್ರ ಗಾಡಿ ಗದಗಿಗಿ ಒಯ್ತಾರ. ಕಿವಿ ಹ್ವಾದ್ರ ಏನಾತು, ಕೈ ಅದಾವಲ್ಲ."

ಗ್ಯಾರೇಜು ಮುಚ್ಚಿದೆ. ಈದ್ ಹಬ್ಬದ ಮರುವಾರ ಮಗಳು ಆಯೇಶಾಳ ಮನೆಗೆ, ಹಮ್ಮಿಗಿಗೆ ಬಂದೆವು. ಅಳಿಯನ ಮೋಟಾರ್ ಪಂಪಿಗೂ ನಾನು ಕೈ ಹಚ್ಚಿಲ್ಲ. ಮಾಫಿ ಕೇಳಲು ಇದನ್ನು ಬರೆದಿಲ್ಲ. ಪೊಲೀಸರಿಗೆ ಕೊಡಬೇಕೆಂದರೆ ಈ ಪತ್ರವನ್ನೇ ಕೊಡಿ, ಇದರಲ್ಲಿ ಎಲ್ಲ ಇದೆ.

ಖಾಜಾಸಾಬ


ಬೆಟಗೇರಿ
1 ಜುಲೈ 2024

ಖಾಜಾಸಾಬರಿಗೆ,

ಪತ್ರ ಬಂದ ದಿನ ಓದಿ ಬನಶಂಕರಿಯ ಟ್ರಂಕಿನಲ್ಲಿಟ್ಟೆ. ಮರುದಿನ ಮತ್ತೆ ಓದಿದೆ. ನೀವು ಮನೆಗೆ ಬಂದಾಗಲೆಲ್ಲ ಅವಳು ನಿಮ್ಮ ಎದುರಿಗೇ ಬಂದು ಕುಳಿತು ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಆಡುತ್ತಿದ್ದಳು. "ಏನಬೇ, ಸಾಲಿ ಮಾಸ್ತರಿಣಿ ಆಗಿ ಏನು" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳು ಸುಮ್ಮನೆ ನಕ್ಕುಬಿಡುತ್ತಿದ್ದಳು.

ನೀವು ಬಚ್ಚಿಟ್ಟದ್ದನ್ನು ಬರೆದಿರಿ. ನಾನೂ ಬರೆಯಬೇಕು. ಮಾರ್ಚ್ ಪತ್ರದಲ್ಲಿ ನಾನು ಒಂದು ಹತ್ತರಿಂದ ಶುರು ಮಾಡಿದ್ದೆ. ಅವಳಿಗೆ ನೋವು ಶುರುವಾದದ್ದು ಒಂದು ಹತ್ತಕ್ಕಲ್ಲ. ಹನ್ನೊಂದೂವರೆಗೆ, ಅಕ್ಷತೆ ಬಿದ್ದ ಸ್ವಲ್ಪ ಹೊತ್ತಿಗೆ. ನನ್ನನ್ನು ಮಂಟಪದ ಹೊರಗೆ ಕರೆದು, "ಎದಿ ಹಿಡದಂಗ ಆಗೇತ್ರಿ. ಇಲ್ಲೇ ದವಾಖಾನಿಗಿ ತೋರಿಸೂಣು" ಎಂದಳು. ಶಿರಹಟ್ಟಿಯ ದವಾಖಾನೆ ಅಲ್ಲಿಂದ ನಡೆದು ಹೋಗುವಷ್ಟು ದೂರ. ನಾನು "ಪಿತ್ತ ಇರಬೇಕು, ಸೋಡಾ ಕುಡಿ. ಮದುಮಕ್ಕಳ ಫೋಟೋ ಮುಗೀಲಿ, ಹೊಂಡೂಣು" ಎಂದೆ. ಕಾರಿನ ಮುಂದೆ ಮದುಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಗಾಡಿಯ ಮಗ್ಗುಲಲ್ಲಿ ನಾನೂ ನಿಂತಿದ್ದೆ. ಅವಳು ಒಂದು ಕುರ್ಚಿಯ ಮೇಲೆ ಒಂದು ತಾಸು ನಲವತ್ತು ನಿಮಿಷ ಕುಳಿತಿದ್ದಳು. ಎರಡನೆಯ ಸಲ ಹೇಳಲಿಲ್ಲ. ನಾನು ತಿರುಗಿ ನೋಡಿದಾಗ ಬೆವರಿದ್ದಳು.

ಹೋದ ವಾರ ಗದಗಿನ ಡಾಕ್ಟರನ್ನು ಕೇಳಿದೆ. ಗಾಡಿ ನಿಲ್ಲದಿದ್ದರೆ ಬದುಕುತ್ತಿದ್ದಳೇ? ಹೇಳಲಾಗುವುದಿಲ್ಲ ಎಂದರು. ನೋವು ಬಂದ ಕೂಡಲೇ ತೋರಿಸಿದ್ದರೆ? ಆಗ ಆಸೆ ಹೆಚ್ಚಿರುತ್ತಿತ್ತು ಎಂದರು. ಇದನ್ನು ವಿದ್ಯಾಶ್ರೀಗೂ ಹೇಳಿಲ್ಲ. ನಾಲ್ಕು ತಿಂಗಳು ನಿಮ್ಮ ಹೆಸರು ಹೇಳಿಕೊಂಡು ನಾನು ಅನ್ನ ಉಂಡೆ.

ಪತ್ರವನ್ನು ಪೊಲೀಸರಿಗೆ ಕೊಡುವುದಿಲ್ಲ. ಮಾಫಿ ಮಾಡಿದೆ ಎಂದು ಬರೆಯಲು ಕುಳಿತೆ, ಅದೂ ಬರೆಯಲಾಗಲಿಲ್ಲ. ನನಗೇ ಸಿಗದ್ದನ್ನು ಇನ್ನೊಬ್ಬರಿಗೆ ಹೇಗೆ ಕೊಡಲಿ.

ಕಿಶೋರ ಎರಡು ಹೊಸ ವಾಲ್ವು ಹಾಕಿಸಿದ್ದಾನೆ. ಸೆಟ್ ಮಾಡಲು ಅವನಿಗೆ ಧೈರ್ಯವಿಲ್ಲ. ಎಂಜಿನ್ ಬಂದ್ ಇಟ್ಟು, ಕಿವಿಯ ಹಂಗಿಲ್ಲದೆ ಬೆರಳಿನಿಂದ ಮಾಡುವ ರೀತಿಯೊಂದಿದೆಯಂತೆ. ನಿಮಗೆ ಗೊತ್ತಿದ್ದರೆ ಜುಲೈ ಹದಿನಾಲ್ಕರ ಭಾನುವಾರ ಬನ್ನಿ. ಓಡಿಸಲಿಕ್ಕೋ ಮಾರಲಿಕ್ಕೋ ಇನ್ನೂ ಗೊತ್ತಿಲ್ಲ. ಅವಳು ಕುಳಿತ ಗಾಡಿ, ಕೆಟ್ಟು ನಿಂತಿರುವುದನ್ನು ದಿನಾಲೂ ನೋಡಲಾಗದು.

ಗೋಪಣ್ಣ


ಹಮ್ಮಿಗಿ
22 ಜುಲೈ 2024

ಗೋಪಣ್ಣನವರಿಗೆ ಸಲಾಂ.

ಊರು ಮುಟ್ಟಿದೆ. ಹದಿನಾಲ್ಕರಂದು ನಿಮ್ಮ ಹಿತ್ತಲಿನಲ್ಲಿ ಮೂರು ತಾಸು ಇದ್ದರೂ ನಾವು ಹತ್ತು ಮಾತು ಆಡಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಬೆರಳಿನ ರೀತಿ ನನಗೆ ಮೊದಲಿನಿಂದ ಗೊತ್ತಿತ್ತು. ಉಸ್ತಾದರು ಅದನ್ನು ಹೊಸಬರ ಕೆಲಸ ಎನ್ನುತ್ತಿದ್ದರು, ಕಿವಿ ಪಳಗದವರಿಗೆ. ಅದಕ್ಕೇ ನಾನು ಎಂದೂ ಮಾಡಿರಲಿಲ್ಲ. ವಾಲ್ವು ಮುಚ್ಚಿರುವಾಗ ಅದರ ಕೆಳಗಿನ ಕಡ್ಡಿಯನ್ನು ಎರಡು ಬೆರಳಲ್ಲಿ ತಿರುಗಿಸುತ್ತ ಸ್ಕ್ರೂ ಬಿಗಿಯಬೇಕು. ಸಲೀಸಾಗಿ ತಿರುಗುವ ಕಡ್ಡಿ ಒಂದು ಕಡೆ ತುಸು ಹಿಡಿಯುತ್ತದೆ. ಅದೇ ಗುರುತು, ಅಲ್ಲಿಂದ ಮುಕ್ಕಾಲು ಸುತ್ತು. ಫೆಬ್ರುವರಿಯಲ್ಲಿ ಹೀಗೆ ಮಾಡಿದ್ದರೆ ಒಂದು ತಾಸು ಹೆಚ್ಚು ಹಿಡಿಯುತ್ತಿತ್ತು, ನೀವು ಏಕೆಂದು ಕೇಳುತ್ತಿದ್ದಿರಿ, ನಾನು ಹೇಳಬೇಕಾಗುತ್ತಿತ್ತು. ಅಷ್ಟೇ ಆಗುತ್ತಿದ್ದದ್ದು. ಹನ್ನೆರಡನ್ನೂ ಮುಗಿಸುವವರೆಗೆ ಇದೇ ತಲೆಯಲ್ಲಿತ್ತು.

ಕಿಶೋರ ಎಂಜಿನ್ ಚಾಲೂ ಮಾಡಿದಾಗ ನಾನು ಗಾಡಿ ನೋಡಲಿಲ್ಲ, ನಿಮ್ಮನ್ನು ನೋಡಿದೆ. ನೀವು ಬಾನೆಟ್ಟಿನ ಮೇಲೆ ಕೈಯಿಟ್ಟಿರಿ. ಆಮೇಲೆ ಮುಖ ಆ ಕಡೆ ತಿರುಗಿಸಿ ಏನೋ ಹೇಳಿದಿರಿ. ತುಟಿ ಕಾಣಲಿಲ್ಲ. ನಾನು ತಲೆಯಾಡಿಸಿದೆ, ಪಾನಾಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಮುಂಡರಗಿಯ ಬಸ್ಸಿನಲ್ಲಿ ಕುಳಿತ ಮೇಲೆ ತಿಳಿಯಿತು. ಎಲ್ಲ ಆದ ಮೇಲೂ ಮತ್ತೆ ಅದನ್ನೇ ಮಾಡಿದ್ದೆ.

ಇನ್ನು ಮಾಡುವುದಿಲ್ಲ. ನನಗೆ ಕೇಳಲಿಲ್ಲ, ಗೋಪಣ್ಣ. ಏನಂದಿರಿ?

ಖಾಜಾಸಾಬ


ಬೆಟಗೇರಿ
29 ಜುಲೈ 2024

ಖಾಜಾಸಾಬರಿಗೆ ಗೋಪಣ್ಣನ ನಮಸ್ಕಾರ.

ನೀವು ಕೇಳಿದ್ದು ಒಳ್ಳೆಯದಾಯಿತು. ನಾನು ಅಂದದ್ದು ಇಷ್ಟು: "ಐದನೇದು ಇನ್ನಾ ಒಂಚೂರು ಬಡೀತೈತಿ. ಆಕಿ ಇದ್ದಿದ್ರ ನಿಮಗ ಎದುರಿಗಿ ಬಂದು ಹೇಳ್ತಿದ್ಲು." ಕಣ್ಣು ತುಂಬಿತ್ತು, ಅದಕ್ಕೇ ಮುಖ ತಿರುಗಿಸಿದೆ. ನೀವು ತಲೆಯಾಡಿಸಿದಿರಿ, ಒಳ್ಳೆಯ ಮಾತು ಕೇಳಿದವರ ಹಾಗೆ ಸ್ವಲ್ಪ ನಕ್ಕಿರಿ, ಚೀಲ ಕಟ್ಟಿದಿರಿ. ಐದು ತಿಂಗಳು ನನ್ನ ಕಣ್ಣ ಮುಂದಿದ್ದ ಆ ಮೂರನೆಯ ದಿನ ಹೇಗೆ ನಡೆದಿತ್ತೆಂದು ಆಗ ನಿಂತು ನೋಡಿದೆ. ನಿಮ್ಮನ್ನು ಕರೆದು ಎದುರಿಗೆ ನಿಂತು ಹೇಳಬೇಕಿತ್ತು. ನನ್ನಿಂದಾಗಲಿಲ್ಲ. ಬಸ್ಸಿನ ಹೊತ್ತಾಗಿದೆ ಎಂದು ನೆಪ ಮಾಡಿಕೊಂಡೆ.

ನಿನ್ನೆ ಒಬ್ಬನೇ ಗಾಡಿ ತೆಗೆದುಕೊಂಡು ಶಿರಹಟ್ಟಿಯವರೆಗೆ ಹೋಗಿ ಬಂದೆ. ಎಂಜಿನ್ ಚೆನ್ನಾಗಿ ಕಾಯಿತು, ಸೋಲಲಿಲ್ಲ. ಬರುವಾಗ ನಾಗಾವಿಗೆ ಮುಂಚೆಯೇ, ಅವತ್ತು ನಿಂತ ಜಾಗದಲ್ಲಿ ನಾನೇ ನಿಲ್ಲಿಸಿದೆ. ಇಪ್ಪತ್ತೈದು ನಿಮಿಷ ಗಡಿಯಾರ ನೋಡುತ್ತ ಕುಳಿತೆ. ಬಹಳ ಹೊತ್ತು ಅದು. ಅಷ್ಟು ಹೊತ್ತಿನಲ್ಲಿ ಅವಳು ಒಂದು ಸಲವೂ ನನ್ನನ್ನು ಬೈದಿರಲಿಲ್ಲ. ನೀರು ಬೇಕೇ ಎಂದು ನನ್ನನ್ನೇ ಕೇಳಿದ್ದಳು.

ಮನೆಗೆ ಬಂದು ವಿದ್ಯಾಶ್ರೀಗೆ ಫೋನು ಹಚ್ಚಿ ಸೋಡಾದ ವಿಷಯ ಹೇಳಿದೆ. ಅವಳು ಫೋನಿಟ್ಟಳು. ಇನ್ನೂ ಮಾತಾಡಿಲ್ಲ.

ಐದನೆಯದು ಬಡಿಯುತ್ತಿದೆ. ಕಿಶೋರ ತಾನೇ ಬಿಗಿಯುತ್ತೇನೆ ಎಂದ, ಬೇಡ ಎಂದೆ. ಆಗಸ್ಟ್ ಹನ್ನೊಂದರ ಭಾನುವಾರ ಬನ್ನಿ, ಅಖ್ತರಿ ಅಕ್ಕನನ್ನೂ ಕರೆತನ್ನಿ. ನಾನು ನಿಮ್ಮ ಎದುರಿಗೇ ನಿಲ್ಲುತ್ತೇನೆ. ಬಡಿಯುತ್ತಿದ್ದರೆ ಬಡಿಯುತ್ತಿದೆ ಎಂದೇ ಹೇಳುತ್ತೇನೆ.

ಗೋಪಣ್ಣ